ಈ ಜೇಡ ಎಷ್ಟು ದೊಡ್ಡದು? ಇದರ ಜಾತಿ ಯಾವುದು?

ಅಕ್ಕಿಹೆಬ್ಬಾಳಿನ ಹಂಚಿನ ಮನೆಗಳಲ್ಲಿ ರಾತ್ರಿ ದೀಪ ಹಾಕಿದೊಡನೆ ಗೋಡೆ ಮೇಲೆ ಕಾಲು ಚಾಚಿಕೊಂಡು ಚಪ್ಪಟೆಯಾಗಿ ಕೂತ ಕಂದು ಜೇಡವನ್ನು ನೀವು ಕಂಡಿರುತ್ತೀರಿ, ಅಲ್ವಾ ಮಕ್ಕಳೇ? ಗೇಣಿಗೂ ಕಡಿಮೆ ಇದ್ದ ಆ ಜೇಡ, ಮಾರನೇ ದಿನ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಮೊಳದುದ್ದ ಆಗಿಬಿಟ್ಟಿರುತ್ತದೆ!

ದೊಡ್ಡವರೂ ಹೀಗೇ. ಹೊರದೇಶಗಳಲ್ಲಿ ಕೆಲವರು ಟರಾಂಟುಲಾ ಎಂಬ ರೋಮಭರಿತ ದೊಡ್ಡ ಜೇಡಗಳನ್ನು ಮನೆಯಲ್ಲಿ ಸಾಕುತ್ತಾರೆ. ನಮ್ಮದೇ ಎಲ್ಲಕ್ಕಿಂತ ದೊಡ್ಡದು ಎನ್ನುವವರು ಅವರಲ್ಲಿ ಬಹಳ ಮಂದಿ. ಅದು ನಿಜವೋ ಅಲ್ಲವೋ ಎಂದು ಕಂಡುಹಿಡಿಯುವುದು ಹೇಗೆ? ಬನ್ನಿ, ನಾವೂ ನೀವೂ ಸೇರಿ ಪರೀಕ್ಷೆ ಮಾಡೋಣ.

ಮೊದಲ ಪ್ರಶ್ನೆ: ಅದು ಟರಾಂಟುಲಾ ಹೌದೋ ಅಲ್ಲವೋ? ಉತ್ತರ ಇರುವುದು ಬಾಯಿಯ ಮುಂದಿನ ಎರಡು ವಿಷದ ಹಲ್ಲುಗಳಲ್ಲಿ. ಟರಾಂಟುಲಾದ ಹಲ್ಲುಗಳು ಒಂದರ ಪಕ್ಕ ಒಂದು ನಿಂತು, ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ನಮ್ಮ ಗೋಡೆಯ ಜೇಡದ ಹಲ್ಲುಗಳು ಹಾಗಲ್ಲ. ಅವು ಎಡದಿಂದೊಂದು, ಬಲದಿಂದೊಂದು ಬಂದು ಎದುರುಬದುರಾಗಿ ಕೂಡುತ್ತವೆ. ಆದ್ದರಿಂದ ಗೋಡೆಯ ಜೇಡ ಎಷ್ಟೇ ದೊಡ್ಡದಾಗಿ ಕಂಡರೂ ಟರಾಂಟುಲಾ ಅಲ್ಲ.

ಎರಡನೆಯದು ಅಳತೆ. ಜೇಡಕ್ಕೆ ಎಂಟು ಕಾಲು. ಎಡಗಡೆಯ ಮುಂಗಾಲಿನ ತುದಿಯಿಂದ ಬಲಗಡೆಯ ಕೊನೆಯ ಕಾಲಿನ ತುದಿಯವರೆಗೆ ಓರೆಯಾಗಿ ಅಳೆದರೆ ಸಿಗುವುದು ಕಾಲಳತೆ. ತಲೆಯಿಂದ ಹೊಟ್ಟೆಯ ತುದಿಯವರೆಗಿನದು ಮೈಯಳತೆ. ಯಾರಾದರೂ ಜೇಡದ ಉದ್ದ ಹೇಳಿದರೆ, ಕಾಲಿನದೋ ಮೈಯದೋ ಎಂದು ಮೊದಲು ಕೇಳಿ.

ದಕ್ಷಿಣ ಅಮೆರಿಕದ ಕಾಡುಗಳಲ್ಲಿರುವ ಥೆರಾಫೋಸಾ ಬ್ಲಾಂಡಿ ಎಂಬ ಟರಾಂಟುಲಾ ತೂಕದಲ್ಲಿ ಜೇಡಗಳಿಗೆಲ್ಲ ಹಿರಿಯಣ್ಣ. 1965ರಲ್ಲಿ ವೆನೆಜುವೆಲಾದಲ್ಲಿ ಸಿಕ್ಕಿದ ಒಂದರ ಕಾಲಳತೆ 28 ಸೆಂಟಿಮೀಟರ್ ಇತ್ತು. ಹತ್ತು ರೂಪಾಯಿಯ ನಾಣ್ಯದ ಅಗಲ 27 ಮಿಲಿಮೀಟರ್. ಅಂಥ ಹತ್ತು ನಾಣ್ಯಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಅದಕ್ಕಿಂತ ಇನ್ನೂ ಒಂದು ಸೆಂಟಿಮೀಟರ್ ಹೆಚ್ಚು! ಕಾಲಳತೆಯಲ್ಲಿ ಮಾತ್ರ ಇದನ್ನೂ ಮೀರಿಸಿದ ಜೇಡವೊಂದಿದೆ. ಲಾವೋಸ್ ದೇಶದ ಗುಹೆಗಳಲ್ಲಿರುವ ಹೆಟೆರೊಪೋಡಾ ಮ್ಯಾಕ್ಸಿಮಾದ ಕಾಲಳತೆ 30 ಸೆಂಟಿಮೀಟರ್ ಮುಟ್ಟುತ್ತದೆ. ಅದು ನಮ್ಮ ಗೋಡೆಯ ಜೇಡದ ನಂಟ.

ಫೋಟೋ ನೋಡಿ ಮೋಸಹೋಗಬೇಡಿ. ಜೇಡ ಕ್ಯಾಮೆರಾಗೆ ಹತ್ತಿರ ಇದ್ದು, ಅದನ್ನು ತೋರಿಸುವ ಮನುಷ್ಯ ಹಿಂದೆ ನಿಂತಿದ್ದರೆ ಸಣ್ಣ ಜೇಡವೂ ಭಾರೀ ದೊಡ್ಡದಾಗಿ ಕಾಣುತ್ತದೆ. ಜೇಡದ ಪಕ್ಕದಲ್ಲೇ, ಅದು ಕೂತ ಮಟ್ಟದಲ್ಲೇ, ಸ್ಕೇಲು ಇಟ್ಟು ತೆಗೆದ ಫೋಟೋವನ್ನು ಮಾತ್ರ ನಂಬಬೇಕು.

ಓಡುವ ಜೇಡವನ್ನು ಅಳೆಯುವುದು ಕಷ್ಟ. ಆದರೆ ಜೇಡ ಬೆಳೆಯುವಾಗ ಹಾವಿನಂತೆ ಪೊರೆ ಬಿಡುತ್ತದೆ. ಕಾಲು, ಹಲ್ಲು ಎಲ್ಲದರ ಹೊದಿಕೆಯೂ ಆ ಪೊರೆಯಲ್ಲಿ ಇರುತ್ತದೆ. ಒಣಗಿ ಮುದುಡಿದ ಪೊರೆಯನ್ನು ನೀರಿನಲ್ಲಿ ನೆನೆಸಿ ಬಿಡಿಸುತ್ತಾರೆ. ಇಲ್ಲೊಂದು ಎಚ್ಚರಿಕೆ ಬೇಕು. ಅಕ್ಕಿ ಹಪ್ಪಳ ನೀರಲ್ಲಿ ನೆನೆದರೆ ಹೇಗೆ ಮೆತ್ತಗಾಗಿ ಎಳೆದ ಕಡೆಗೆ ಹಿಗ್ಗುತ್ತದೋ, ಪೊರೆಯೂ ಹಾಗೆ. ಹಿಗ್ಗಿದ ಪೊರೆಯನ್ನು ಅಳೆದರೆ ಜೇಡ ಇರುವುದಕ್ಕಿಂತ ದೊಡ್ಡದಾಗಿಬಿಡುತ್ತದೆ. ಅದಕ್ಕೇ ವಿಜ್ಞಾನಿಗಳು ತಲೆ ಮತ್ತು ಎದೆಯ ಮೇಲಿರುವ ಗಟ್ಟಿ ಚಿಪ್ಪನ್ನು ಅಳೆಯುತ್ತಾರೆ. ಅದು ಹಿಗ್ಗುವುದಿಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು: ಜಾತಿ ಯಾವುದು? ಬ್ಲಾಂಡಿ ಎಂದು ಮಾರಿದ, ಬ್ಲಾಂಡಿ ಎಂದೇ ಸಾಕಿದ ಎಷ್ಟೋ ಜೇಡಗಳು ಬೇರೆ ಜಾತಿಯವಾಗಿದ್ದವು. 2010ರಲ್ಲಿ ಆ ಜಾತಿಗೆ ಥೆರಾಫೋಸಾ ಸ್ಟಿರ್ಮಿ ಎಂದು ಹೆಸರಿಟ್ಟರು. ಎರಡನ್ನೂ ಬೇರೆ ಮಾಡುವ ಸುಲಭ ಗುರುತು ಮಂಡಿ! ಬ್ಲಾಂಡಿಯ ಮಂಡಿಯ ಮೇಲೆ ಉದ್ದನೆಯ ರೋಮ ಇರುತ್ತದೆ, ಸ್ಟಿರ್ಮಿಯ ಮಂಡಿ ಬೋಳು.

ನಮ್ಮ ನಾಡಿನಲ್ಲೂ ಟರಾಂಟುಲಾಗಳಿವೆ. ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲಿ ಪೀಸಿಲೋಥೀರಿಯಾ ಸ್ಟ್ರಯಾಟ ಎಂಬುದಿದೆ. ಅದರ ಇಂಗ್ಲಿಷ್ ಹೆಸರಿನಲ್ಲಿ ನಮ್ಮ ಮೈಸೂರೂ ಸೇರಿಕೊಂಡಿದೆ. ಅದರ ಸೋದರ ಜಾತಿ ಪೀಸಿಲೋಥೀರಿಯಾ ರೆಗಾಲಿಸ್. ಬೆನ್ನಿನ ಕಡೆಯಿಂದ ನೋಡಿದರೆ ಇವೆರಡರ ನಡುವೆ ಗೊಂದಲವಾಗುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ಕೆಳಗಿನಿಂದ ನೋಡಿದರೆ ರೆಗಾಲಿಸ್‌ನ ಹೊಟ್ಟೆಗೆ ಅಡ್ಡಲಾಗಿ ಒಂದು ತಿಳಿ ಬಣ್ಣದ ಪಟ್ಟಿ ಕಾಣುತ್ತದೆ. ಈ ಕೆಲಸ ತಿಳಿದವರದು, ಮಕ್ಕಳದಲ್ಲ. ಇವು ಕಚ್ಚಿದರೆ ವಿಪರೀತ ನೋವು.

ಸಿಕ್ಕಿದ ಜಾಗವೂ ಒಂದು ಸುಳಿವೇ. ಆದರೆ ಅದನ್ನೂ ಪರೀಕ್ಷಿಸಬೇಕು. ಅಕ್ಕಿಹೆಬ್ಬಾಳಿನಂತೆ ಅನಂತಪುರ ಜಿಲ್ಲೆಯ ಗುತ್ತಿಯಲ್ಲೂ ರೈಲು ನಿಲ್ದಾಣವಿದೆ. ಅಲ್ಲಿನ ರೈಲ್ವೆ ಯಾರ್ಡಿನಲ್ಲಿ ಸಿಕ್ಕ ನೀಲಿ ಜೇಡವೊಂದಕ್ಕೆ ಪೊಕಾಕ್ ಎಂಬ ವಿಜ್ಞಾನಿ 1899ರಲ್ಲಿ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದರ ಸುದ್ದಿಯೇ ಇಲ್ಲ! 2001ರಲ್ಲಿ ಮತ್ತೆ ಕಂಡದ್ದು ದೂರದ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ. ರೈಲಿನಲ್ಲಿ ಸಾಗಿಸಿದ ಮರದ ಜೊತೆ ಅದು ಗುತ್ತಿಗೆ ಬಂದಿರಬೇಕು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಚಂದ ಇರುವುದೇ ಅದಕ್ಕೆ ಮುಳುವಾಯಿತು. ಜನ ಹಿಡಿದು ಮಾರತೊಡಗಿದರು. 2019ರಿಂದ ಪೀಸಿಲೋಥೀರಿಯಾ ಕುಲದ ಎಲ್ಲ ಜಾತಿಗಳ ವಿದೇಶಿ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಕಡಿವಾಣ ಬಿದ್ದಿದೆ.

ಈಗ ನಿಮ್ಮ ಸರದಿ. ಗೋಡೆಯ ಜೇಡವನ್ನು ಮುಟ್ಟಬೇಡಿ, ಹಿಡಿಯಬೇಡಿ. ಅದು ಎಲ್ಲಿಂದ ಎಲ್ಲಿಯವರೆಗೆ ಕಾಲು ಚಾಚಿದೆ ಎಂದು ನೆನಪಿಟ್ಟುಕೊಂಡು, ಅದು ಹೋದ ಮೇಲೆ ಆ ಜಾಗಕ್ಕೆ ಸ್ಕೇಲು ಹಿಡಿಯಿರಿ. ನೋಟ್‌ಬುಕ್ಕಿನಲ್ಲಿ ತಾರೀಖು, ಜಾಗ, ಕಾಲಳತೆ ಬರೆಯಿರಿ. ಹೆಸರಿನ ಜಾಗವನ್ನು ಕೊನೆಗೆ ತುಂಬಿ. ಖಾಲಿ ಬಿಟ್ಟರೂ ಚಿಂತೆಯಿಲ್ಲ. ಬ್ಲಾಂಡಿ ಎಂದುಕೊಂಡದ್ದು ಸ್ಟಿರ್ಮಿಯಾದ ಹಾಗೆ ಹೆಸರನ್ನು ಯಾವಾಗ ಬೇಕಾದರೂ ತಿದ್ದಬಹುದು. ಆದರೆ ಅಳೆಯುವಾಗಲೇ ತಪ್ಪಿದರೆ, ಆ ಜೇಡವನ್ನು ಮತ್ತೆ ಎಲ್ಲಿ ಹುಡುಕುತ್ತೀರಿ?