ಕಾಲು ಮೈಲಿಯ ಲೆಕ್ಕ: ಹಳೇ ಡ್ರ್ಯಾಗ್ ಕಾರುಗಳೂ ರಾಜಾಜಿನಗರದ ಆರ್‌ಎಕ್ಸ್ 100ಗಳೂ

ಡ್ರ್ಯಾಗ್ ರೇಸ್ ಎಂದರೆ ನಿಂತ ಜಾಗದಿಂದ ಹೊರಟು ನೆಟ್ಟಗೆ ಕಾಲು ಮೈಲಿ, ಅಂದರೆ 402 ಮೀಟರ್ ಓಡುವ ಪಂದ್ಯ. ತಿರುವಿಲ್ಲ, ಎರಡನೇ ಸುತ್ತಿಲ್ಲ. ಪ್ರತಿ ಓಟಕ್ಕೂ ಎರಡು ಅಂಕಿ ಸಿಗುತ್ತವೆ: ದೂರ ಮುಗಿಸಲು ಹಿಡಿದ ಸಮಯ ಒಂದು, ಕೊನೆಯ ಗೆರೆಯ ಬಳಿ ಗಾಡಿಗಿದ್ದ ವೇಗ ಇನ್ನೊಂದು. ಗೆಲುವು ಮೊದಲು ಗೆರೆ ದಾಟಿದವನದು. ಊರೆಲ್ಲ ಸುದ್ದಿಯಾಗುವುದು ಮಾತ್ರ ವೇಗ. ಹಳೆಯ ಗಾಡಿಗಳ ಬಗ್ಗೆ ಬೆಳೆದ ಉತ್ಪ್ರೇಕ್ಷೆಯೂ ಬಹುಪಾಲು ಈ ಎರಡನೇ ಅಂಕಿಯದೇ.

ಈ ವೇಗವನ್ನು ಸ್ಪೀಡೋಮೀಟರ್ ನೋಡಿ ಬರೆದುಕೊಳ್ಳುವುದಿಲ್ಲ. ಗೆರೆಯ ಬಳಿ ಬೆಳಕಿನ ಎರಡು ಕಿರಣಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ವೇಗದ ಲೆಕ್ಕ. ಅಮೆರಿಕದಲ್ಲಿ 1989ರವರೆಗೆ ಈ ಅಂತರ 132 ಅಡಿ: ಗೆರೆಗೆ ಮುಂಚೆ 66 ಅಡಿ, ಗೆರೆ ದಾಟಿದ ಮೇಲೆ 66 ಅಡಿ. ಪಂದ್ಯ ಮುಗಿದ ಮೇಲೂ ಚಾಲಕ ಆಕ್ಸಿಲರೇಟರ್ ಒತ್ತಿಯೇ ಇದ್ದರೆ ಅಂಕಿ ಒಂದಿಷ್ಟು ಮೇಲೇರುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಗಡಿಯಾರದ್ದು. ಗಂಟೆಗೆ 320 ಕಿಲೋಮೀಟರ್ ವೇಗದ ಕಾರು ಆ 132 ಅಡಿಯನ್ನು ಅರ್ಧ ಸೆಕೆಂಡಿನೊಳಗೇ ದಾಟುತ್ತದೆ. ಅಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ತಪ್ಪಿದರೂ ಅಂಕಿ ಗಂಟೆಗೆ ಏಳು ಕಿಲೋಮೀಟರ್ ಆಚೀಚೆ. 1960ರಲ್ಲಿ ಇಲಿನಾಯ್ ರಾಜ್ಯದ ಆಲ್ಟನ್‌ನಲ್ಲಿ ಕ್ರಿಸ್ ಕರಮೆಸಿನ್ಸ್ 204.54 ಮೈಲಿ ವೇಗ ಮುಟ್ಟಿದರೆಂಬ ದಾಖಲೆಯನ್ನು ಹಲವರು ಒಪ್ಪದೇ ಉಳಿದದ್ದು ವಿಚಿತ್ರವಲ್ಲ. 200 ಮೈಲಿಯ ಗೌರವ ಸಾಮಾನ್ಯವಾಗಿ ಸಲ್ಲುವುದು ಡಾನ್ ಗಾರ್ಲಿಟ್ಸ್‌ಗೆ: 1964ರ ಆಗಸ್ಟ್‌ನಲ್ಲಿ, ನ್ಯೂಜೆರ್ಸಿಯ ಗ್ರೇಟ್ ಮೆಡೋಸ್‌ನಲ್ಲಿ, 7.78 ಸೆಕೆಂಡು, 201.34 ಮೈಲಿ, ಅಂದರೆ ಗಂಟೆಗೆ 324 ಕಿಲೋಮೀಟರ್.

ಹಾಗೆಂದು ಹಳೇ ಡ್ರ್ಯಾಗ್‌ಸ್ಟರ್‌ಗಳೆಲ್ಲ ಬರೀ ಬಾಯಿಮಾತಿನ ವೇಗದವಲ್ಲ. ವೇಗದ ಅಂಕಿ ಬದಿಗಿಟ್ಟು ಸಮಯ ನೋಡಿದರೆ ಅವುಗಳ ನಿಜವಾದ ತಾಕತ್ತು ಗೊತ್ತಾಗುತ್ತದೆ. ಮೇಲಿಂದ ಬಿಟ್ಟ ಕಲ್ಲು ಬೀಳುವ ವೇಗೋತ್ಕರ್ಷದಲ್ಲೇ, ಅಂದರೆ 1 ಜಿಯಲ್ಲಿ, ಒಂದು ಕಾರು ಉದ್ದಕ್ಕೂ ಓಡಿದರೆ 402 ಮೀಟರ್‌ಗೆ ಹಿಡಿಯುವುದು 9.06 ಸೆಕೆಂಡು. ಟೈರಿನ ಘರ್ಷಣಾಂಕ ಒಂದನ್ನು ಮೀರುವುದಿಲ್ಲ ಎಂದು ಹಿಡಿದರೆ ಚಕ್ರದಿಂದ ಓಡುವ ಗಾಡಿಗೆ ಅದೇ ಗಡಿ. ಇದೇ ಗಾರ್ಲಿಟ್ಸ್ 1957ರಲ್ಲೇ 8.79 ಸೆಕೆಂಡಿನಲ್ಲಿ ಓಡಿದ್ದರು. ನುಣುಪಾದ ಮೆತ್ತನೆಯ ರಬ್ಬರು ಬಿಸಿಯಾದಾಗ ಬರೀ ಉಜ್ಜುವುದಿಲ್ಲ, ನೆಲಕ್ಕೆ ಅಂಟುತ್ತದೆ; ಹಾಗಾಗಿ ಆ ಗಡಿ ಟೈರಿಗೆ ಅನ್ವಯಿಸಲಿಲ್ಲ. 1975ರ ಹೊತ್ತಿಗೆ ಅವರ ಸಮಯ 5.63 ಸೆಕೆಂಡಿಗೆ ಇಳಿದಿತ್ತು, ವೇಗ 250 ಮೈಲಿ ದಾಟಿತ್ತು. 300 ಮೈಲಿ ದಾಟಲು 1992ರಲ್ಲಿ ಕೆನ್ನಿ ಬರ್ನ್‌ಸ್ಟೈನ್ ಬರಬೇಕಾಯಿತು.

ಅನುಮಾನಿಸಬೇಕಾದದ್ದು ಶೋರೂಮಿನಿಂದ ಬಂದ ಗಾಡಿಗಳನ್ನು. 1964ರ ಮಾರ್ಚ್‌ನಲ್ಲಿ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಪಾಂಟಿಯಾಕ್ ಜಿಟಿಒ ಕಾರು ಕಾಲು ಮೈಲಿಯನ್ನು 13.1 ಸೆಕೆಂಡಿನಲ್ಲಿ ಮುಗಿಸಿತೆಂದು ಬರೆಯಿತು. ಆ ಕಾರಿನೊಳಗಿದ್ದದ್ದು ಗಿರಾಕಿಗಳಿಗೆ ಮಾರುತ್ತಿದ್ದ 389 ಘನ ಇಂಚಿನ ಎಂಜಿನ್ ಅಲ್ಲ, 421ರದು ಎಂದು ಪಾಂಟಿಯಾಕ್‌ನ ಪ್ರಚಾರ ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ದಶಕಗಳ ನಂತರ ಒಪ್ಪಿಕೊಂಡರು. ಅಶ್ವಶಕ್ತಿಯ ಅಂಕಿಯೂ ಅಷ್ಟೇ. ಅಮೆರಿಕದಲ್ಲಿ 1971ರವರೆಗೆ ಫ್ಯಾನು, ಸೈಲೆನ್ಸರ್ ಕಳಚಿಟ್ಟು ಬರೀ ಎಂಜಿನ್ನಿನ ಶಕ್ತಿ ಅಳೆಯುವುದೇ ವಾಡಿಕೆ. 1972ರಿಂದ ಎಲ್ಲ ಜೋಡಿಸಿ ಅಳೆದಾಗ ಎಷ್ಟೋ ಕಾರುಗಳ ಅಶ್ವಶಕ್ತಿ ಕಾಗದದ ಮೇಲೆ ಇದ್ದಕ್ಕಿದ್ದಂತೆ ಕುಸಿಯಿತು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಇಂಥ ದಂತಕಥೆಯ ಪಟ್ಟ ಬೈಕುಗಳದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯಜ್ಡಿಗಳು ಒಂದು ಕಾಲಕ್ಕೆ ಕೆಂಗೇರಿ ದಾರಿಯ ರಾಜರು. ಆಮೇಲೆ ರಾಜದೂತ್ 350, ಅದರ ಹಿಂದೆಯೇ 1985ರಲ್ಲಿ ಯಮಹಾ ಆರ್‌ಎಕ್ಸ್ 100. ರಾಜಾಜಿನಗರ, ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಲ್ಲಿ ಹೆಡ್ ಕೆರೆಸಿ, ಪೋರ್ಟಿಂಗ್ ಮಾಡಿಸಿ, ಸೈಲೆನ್ಸರ್ ಬದಲಿಸಿದ ಆರ್‌ಎಕ್ಸ್ ಇಂದಿಗೂ ವಿಜಯನಗರದ ಗಲ್ಲಿಗಳಲ್ಲಿ ಸದ್ದಿನಿಂದಲೇ ಗುರುತು ಸಿಗುತ್ತದೆ. ಕಂಪನಿಯಿಂದ ಬಂದ ಆರ್‌ಎಕ್ಸ್ ಕೂಡ ಸೊನ್ನೆಯಿಂದ ನೂರಕ್ಕೆ ಏಳೇ ಸೆಕೆಂಡಿನಲ್ಲಿ ಹೋಗುತ್ತಿತ್ತು ಎಂಬ ಮಾತು ಬಹಳ ಚಾಲ್ತಿಯಲ್ಲಿದೆ.

ಇದನ್ನು ಪರೀಕ್ಷಿಸಲು ರಸ್ತೆ ಬೇಕಿಲ್ಲ, ಪಿಯುಸಿ ಭೌತಶಾಸ್ತ್ರ ಸಾಕು. ಬೈಕು 103 ಕಿಲೊ, ಸವಾರ 65 ಕಿಲೊ, ಒಟ್ಟು 168. ಇಷ್ಟು ತೂಕವನ್ನು ಗಂಟೆಗೆ 100 ಕಿಲೋಮೀಟರ್ ವೇಗಕ್ಕೇರಿಸಲು ಬೇಕಾದ ಚಲನ ಶಕ್ತಿ ಸುಮಾರು 64,800 ಜೌಲ್. ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 11 ಬಿಎಚ್‌ಪಿ, ಅಂದರೆ ಸೆಕೆಂಡಿಗೆ ಸುಮಾರು 8,200 ಜೌಲ್. ಭಾಗಿಸಿದರೆ 7.9 ಸೆಕೆಂಡು. ಅದೂ ಗಾಳಿಯ ತಡೆ ಇಲ್ಲದೆ, ಚೈನು ಗೇರುಗಳಲ್ಲಿ ನಷ್ಟವಿಲ್ಲದೆ, ಮೊದಲ ಕ್ಷಣದಿಂದಲೇ ಎಂಜಿನ್ 7,500 ಆರ್‌ಪಿಎಂನಲ್ಲಿದ್ದರೆ ಮಾತ್ರ. ಚೈನು ಗೇರಿನ ನಷ್ಟ, ಬೆಂಗಳೂರಿನ ಎತ್ತರ ಎರಡನ್ನೂ ಸೇರಿಸಿದರೆ ಗಾಳಿ ತಡೆಯದಿದ್ದರೂ ಹತ್ತು ಸೆಕೆಂಡಿನ ಹತ್ತಿರ ಬರುತ್ತದೆ. ಗಾಳಿ ತಡೆಯದೆ ಬಿಡುವುದಿಲ್ಲ: ನೂರರ ವೇಗದಲ್ಲಿ ನೆಟ್ಟಗೆ ಕೂತ ಸವಾರನ ಎದೆಗೆ ಬಡಿಯುವ ಗಾಳಿಯನ್ನು ಸೀಳಲೇ ಸುಮಾರು 6 ಕಿಲೋವ್ಯಾಟ್ ಬೇಕು. ಚಕ್ರಕ್ಕೆ ತಲುಪುವ ಶಕ್ತಿಯೇ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಏಳು ಸೆಕೆಂಡು ಸಾಧ್ಯವಿಲ್ಲದ ಮಾತು.

ಹಾಗಾದರೆ ಆ ಹೆಸರು ಬಂದದ್ದು ಹೇಗೆ? ಅರವತ್ತರವರೆಗಿನ ಓಟದಿಂದ. ಅಲ್ಲಿಯವರೆಗೆ ಗಾಳಿಯ ತಡೆ ಕಡಿಮೆ, ಬೇಕಾದ ಶಕ್ತಿಯೂ ನೂರಕ್ಕೆ ಬೇಕಾದುದರ ಮೂರನೇ ಒಂದು ಭಾಗದಷ್ಟೇ. ಅದೇ ಕಾಲದ ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕುಗಳ ಶಕ್ತಿ ಏಳು ಬಿಎಚ್‌ಪಿ ಆಸುಪಾಸಿನಲ್ಲಿತ್ತು. ಕಾರ್ಡ್ ರೋಡಿನ ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ಆರ್‌ಎಕ್ಸ್‌ನ ಪಿಕಪ್ ಮುಂದೆ ಅವು ನಿಲ್ಲುತ್ತಿರಲಿಲ್ಲ. ರಾಜದೂತ್ 350ರ ಖ್ಯಾತಿಗೆ ಆಧಾರ ಇನ್ನೂ ಗಟ್ಟಿ: ಅದರ ಎಚ್‌ಟಿ ಮಾದರಿಗೆ 30.5 ಬಿಎಚ್‌ಪಿ ಇತ್ತು. ಇದೇ ಲೆಕ್ಕ ಹಾಕಿದರೆ ಕನಿಷ್ಠ ಮಿತಿ ನಾಲ್ಕು ಸೆಕೆಂಡಿಗೂ ಕೆಳಗಿಳಿಯುತ್ತದೆ. ಏಳು ಸೆಕೆಂಡಿನ ಮಾತು ಅದಕ್ಕೆ ಒಪ್ಪುತ್ತದೆ.

ಎತ್ತರದ ವಿಷಯ ಸಣ್ಣದಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ; ಇಲ್ಲಿನ ಗಾಳಿ ಶೇ 8ರಿಂದ 10ರಷ್ಟು ತೆಳು. ಸಿಲಿಂಡರಿಗೆ ಹೋಗುವ ಆಮ್ಲಜನಕ ಅಷ್ಟು ಕಡಿಮೆ, ಶಕ್ತಿಯೂ ಅಷ್ಟೇ ಕಡಿಮೆ. ಅಮೆರಿಕದಲ್ಲಿ ಎತ್ತರದ ಟ್ರ್ಯಾಕ್‌ಗಳ ಸಮಯವನ್ನು ಸಮುದ್ರ ಮಟ್ಟಕ್ಕೆ ತಿದ್ದಿ ಓದುವ ಕ್ರಮವೇ ಇದೆ. ಚೆನ್ನೈ ಹತ್ತಿರದ ಶೋಲಾವರಂ ಹಳೇ ವಿಮಾನದ ಓಡುಪಟ್ಟಿಯಲ್ಲಿ ಹಿಂದೆ ನಡೆಯುತ್ತಿದ್ದಂಥ ರೇಸಿಗೆ ಇಲ್ಲಿನ ಬೈಕು ಹೋದರೆ ಶಕ್ತಿ ಹೆಚ್ಚುತ್ತದೆ, ಅಪಾಯವೂ ಹೆಚ್ಚುತ್ತದೆ. ರಾಜಾಜಿನಗರದ ತೆಳು ಗಾಳಿಗೆ ಹೊಂದಿಸಿದ ಕಾರ್ಬ್ಯುರೇಟರ್ ಜೆಟ್ ಅಲ್ಲಿನ ದಟ್ಟ ಗಾಳಿಗೆ ಸಾಕಾಗುವಷ್ಟು ಪೆಟ್ರೋಲ್ ಬಿಡುವುದಿಲ್ಲ. ಮಿಶ್ರಣ ತೆಳುವಾದರೆ ಬಿಸಿ ಏರಿ ಪಿಸ್ಟನ್ ಸೀಜ್ ಆಗುತ್ತದೆ. ಅದಕ್ಕೇ ಅಲ್ಲಿ ಒಂದು ಅಳತೆ ದೊಡ್ಡ ಜೆಟ್ ಹಾಕಬೇಕು.

ಈಗಿನ ಫ್ಯೂಯೆಲ್ ಇಂಜೆಕ್ಷನ್ ಬೈಕಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಈ ಹೊಂದಾಣಿಕೆಯನ್ನು ತಾನೇ ಮಾಡಿಕೊಳ್ಳುತ್ತದೆ. ಆರ್‌ಎಕ್ಸ್‌ನಲ್ಲಿ ಪ್ಲಗ್ ಬಿಚ್ಚಿ ನೋಡುವುದೇ ದಾರಿ: ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಕಡಿಮೆ, ಕಾಫಿ ಕಂದು ಬಣ್ಣವಿದ್ದರೆ ಜೆಟ್ ಸರಿಯಿದೆ.