ಕಂದನ ಕಣ್ಣು, ಕಾಗದದ ಮೇಲಿನ ಮಾತು



ಬಾನುಲಿಯಲ್ಲಿ ಆಡಿದ ಮಾತು ಗಾಳಿಗೆ ಹೋಗಿಬಿಡುತ್ತದೆ. ಅಂದು ಹೇಳಿದ್ದನ್ನು ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ಆ ಭಾಷಣವನ್ನು ಇಲ್ಲಿ ಕೊಡುತ್ತಿದ್ದೇನೆ.

ಡೊಂಬಿವಿಲಿಯಿಂದ ಒಬ್ಬ ತಾಯಿ ಸ್ಟುಡಿಯೋಗೆ ಫೋನ್ ಮಾಡಿದ್ದರು. ಹೆರಿಗೆಗೆಂದು ವಿಜಯಪುರದ ಕಡೆಯ ತವರಿಗೆ ಹೋಗಿದ್ದವರು, ಮೂರು ತಿಂಗಳ ಮಗುವನ್ನೆತ್ತಿಕೊಂಡು ಮುಂಬಯಿಗೆ ಮರಳಿದ್ದರು. ಮಗುವಿನ ಎಡಗಣ್ಣಿನ ಪಾಪೆಯಲ್ಲಿ ಬಿಳಿ ಚುಕ್ಕೆ. ಇಲ್ಲಿಯ ಕಣ್ಣಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಇದು ಹುಟ್ಟಿದಾಗಲೇ ಇತ್ತೇ?" ಕಾಡಿಗೆ ತಾಗಿರಬೇಕು ಎಂದುಕೊಂಡು ಊರಲ್ಲಿ ಅಜ್ಜಿ ಸುಮ್ಮನಿದ್ದರಂತೆ. ಹೆರಿಗೆ ಆಸ್ಪತ್ರೆಯ ಚೀಟಿಯಲ್ಲಿದ್ದದ್ದು ಮಗುವಿನ ತೂಕ, ಹುಟ್ಟಿದ ಗಳಿಗೆ, ತಾಯಿ ಮಗು ಕ್ಷೇಮ ಎಂಬ ಮಾತು, ಅಷ್ಟೇ. "ಅಕ್ಕಾರ, ಚೀಟ್ಯಾಗ ಕಣ್ಣಿನ ಸುದ್ದೀನೇ ಇಲ್ರಿ, ಈಗೇನ್ ಮಾಡೂದು?" ಎಂದು ಆಕೆ ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಜಗತ್ತಿನ ರೋಗಗಳಿಗೆಲ್ಲ ಒಂದೊಂದು ಸಂಕೇತವಿದೆ. ಹಳ್ಳಿಯ ಅಂಚೆ ಕಚೇರಿಗೆ ಪಿನ್ ಕೋಡ್ ಇದ್ದಂತೆ. ಸಾವಿನ ಕಾರಣಗಳ ಇಂಥದೊಂದು ಪಟ್ಟಿಯನ್ನು ಫ್ರಾನ್ಸಿನ ಜಾಕ್ ಬರ್ಟಿಲಾನ್ 1893ರಲ್ಲಿ ಮುಂದಿಟ್ಟರು. ಅದು ಬೆಳೆದು 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಅದರ ಹತ್ತನೆಯ ಆವೃತ್ತಿಯಲ್ಲಿ ಹುಟ್ಟು ಕಣ್ಣಿನ ದೋಷಗಳಿಗೆ ಕ್ಯೂ 10ರಿಂದ ಕ್ಯೂ 15ರವರೆಗಿನ ಸಂಕೇತಗಳು. ಕಣ್ಣುಗುಡ್ಡೆ ತೀರಾ ಚಿಕ್ಕದಾಗಿದ್ದರೆ ಕ್ಯೂ 11.2, ಪಾಪೆಯ ಸುತ್ತಲಿನ ಬಣ್ಣದ ಪೊರೆಯಲ್ಲಿ ಬೀಗದ ತೂತಿನಂಥ ಸೀಳಿದ್ದರೆ ಕ್ಯೂ 13.0, ಹುಟ್ಟು ಗ್ಲಾಕೋಮಾ ಆದರೆ ಕ್ಯೂ 15.0. ಹುಟ್ಟಿನಿಂದ ಬಂದ ಪೊರೆಗೆ ಕ್ಯೂ 12.0. ಅದೇ ಪೊರೆ ಹುಟ್ಟಿದ ಮೇಲೆ ಎಳೆತನದಲ್ಲಿ ಬಂದದ್ದಾದರೆ ಅದು ಬೇರೆ ಅಧ್ಯಾಯಕ್ಕೇ ಹೋಗುತ್ತದೆ, ಎಚ್ 26.0. ಕಣ್ಣು ಅದೇ, ಬಿಳುಪು ಅದೇ; "ಹುಟ್ಟಿನಿಂದ" ಎಂಬ ಒಂದು ಪದ ಮಾತ್ರ ಬೇರೆ. ಕ್ಯೂ 12.0 ಎಂದರೆ ಎಡಗಣ್ಣೋ ಬಲಗಣ್ಣೋ ತಿಳಿಯದು. ಅದನ್ನು ವೈದ್ಯರು ಅಕ್ಷರದಲ್ಲೇ ಬರೆಯಬೇಕು.

ನಮ್ಮ ನವಿ ಮುಂಬಯಿಯ ಐರೋಲಿಯಲ್ಲಿ ಇದೇ ಉದ್ಯೋಗ ಮಾಡುವ ಹುಡುಗ ಹುಡುಗಿಯರಿದ್ದಾರೆ. ಅಮೆರಿಕದ ಆಸ್ಪತ್ರೆಗಳ ಕಡತ ಓದಿ ಸಂಕೇತ ಹಾಕುವುದು ಅವರ ಕೆಲಸ. ಅಲ್ಲಿ 2015ರ ಅಕ್ಟೋಬರ್ 1ರಿಂದ ಈ ಹತ್ತನೆಯ ಆವೃತ್ತಿಯದೇ ಒಂದು ರೂಪ ಜಾರಿಯಲ್ಲಿದೆ. ಅವರು ಕಲಿಯುವ ಮೊದಲ ಪಾಠವೇ, ವೈದ್ಯರು ಬರೆಯದ್ದನ್ನು ನೀನು ಊಹಿಸಬೇಡ ಎಂಬುದು. ಎಲ್ಲಿಯದೋ ಮಗುವಿನ ಕಣ್ಣಿನ ವಿವರ ಐರೋಲಿಯ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತದೆ. ನಮ್ಮ ಮಗುವಿನದು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ, ಅರ್ಧ ಅಳಿಸಿದ ಚೀಟಿ!

ಒಂದು ಪದಕ್ಕೆ ಇಷ್ಟೇಕೆ ಒದ್ದಾಟ ಎನ್ನಬಹುದು. ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರನ್ನು ನೆನೆಯೋಣ. ಹುಟ್ಟು ಪೊರೆಯ ಕೂಸುಗಳು ಒಂದರ ಹಿಂದೊಂದು ಬರತೊಡಗಿದಾಗ ಅವರು ಬರೀ ಶಸ್ತ್ರಚಿಕಿತ್ಸೆ ಮಾಡಿ ಕಳಿಸಲಿಲ್ಲ. ತಾಯಂದಿರ ಮಾತಿಗೆ ಕಿವಿಗೊಟ್ಟರು, ಬಸಿರಿನಲ್ಲಿ ಏನಾಗಿತ್ತೆಂದು ವಿಚಾರಿಸಿದರು, ಬೇರೆ ವೈದ್ಯರ ಕೂಸುಗಳನ್ನೂ ಸೇರಿಸಿ 78 ಮಕ್ಕಳ ವಿವರ ಕೂಡಿಸಿದರು. ಹೆಚ್ಚಿನ ತಾಯಂದಿರಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತು. 1941ರಲ್ಲಿ ಅವರು ಇದನ್ನು ಪ್ರಕಟಿಸಿದರು. 1969ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕವೂ ಸೇರಿ ಮೊದಲ ಐದು ಕಡೆ ಆರಂಭವಾದದ್ದು 2017ರಲ್ಲಿ, ಮಹಾರಾಷ್ಟ್ರಕ್ಕೆ ಬಂದದ್ದು 2018ರಲ್ಲಿ. ಗ್ರಹಣದ ದಿನ ಹೊರಗೆ ಬಂದಿದ್ದೆಯಾ ಎಂದು ಸೊಸೆಯನ್ನು ಕೇಳುವ ಅತ್ತೆಯಂದಿರು ಇಂದಿಗೂ ಇದ್ದಾರೆ. ಕೇಳಬೇಕಾದ್ದು ಗ್ರೆಗ್ ಕೇಳಿದ ಪ್ರಶ್ನೆಯನ್ನು.

ಇನ್ನೊಂದು ಕಾರಣ ಕಾಲದ್ದು. ಪಾಪೆಯನ್ನು ಮುಚ್ಚುವಷ್ಟು ದಟ್ಟವಾದ ಹುಟ್ಟು ಪೊರೆಯನ್ನು ಮೊದಲ ಎರಡು ತಿಂಗಳ ಆಸುಪಾಸಿನಲ್ಲೇ ತೆಗೆಯುವುದು ಒಳ್ಳೆಯದು. ಮಿದುಳು ನೋಡಲು ಕಲಿಯುವುದು ಆಗಲೇ. ಅಜ್ಜನ ಪೊರೆಯಂತೆ, ಹಣ್ಣಾಗಲಿ ತೆಗೆಸೋಣ ಎಂದು ಕಾಯುವಂತಿಲ್ಲ. ಬಿಳಿ ಹೊಳಪೆಲ್ಲ ಪೊರೆಯೂ ಅಲ್ಲ. ಅಪರೂಪಕ್ಕೆ ಅದು ಕಣ್ಣಿನ ಕ್ಯಾನ್ಸರ್ ಆಗಿರಬಹುದು, ಆಗ ಪ್ರಶ್ನೆ ಜೀವದ್ದು.

ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರವರಿಯಲ್ಲಿ ಆರಂಭವಾದದ್ದು ದೂರದ ದೆಹಲಿಯಲ್ಲಲ್ಲ, ನಮ್ಮ ಪಕ್ಕದ ಪಾಲ್ಘರಿನಲ್ಲಿ. ಅದರ ಪಟ್ಟಿಯಲ್ಲಿ ಹುಟ್ಟು ಪೊರೆಯೂ ಇದೆ. ಖಾಸಗಿ ವಿಮೆಯ ಕಥೆ ಬೇರೆ. ಒಳಗಿನ ಹುಟ್ಟು ದೋಷವನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೇಳಿತು. ಹೊರಗೆ ಕಾಣುವ ದೋಷಕ್ಕೆ ಆ ರಕ್ಷಣೆ ಕೊಡಲಿಲ್ಲ. ಕಣ್ಣಿನೊಳಗಿನ ಮಸೂರ ಒಳಗೋ ಹೊರಗೋ ಎಂಬ ವಾದ ಹುಟ್ಟಿದರೆ, ಎಲ್ಲಿಯ ದೋಷ ಎಂದು ವೈದ್ಯರು ಬಿಡಿಸಿ ಬರೆದದ್ದೇ ಆಧಾರ.

ಹೆರಿಗೆಗೆ ಊರಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ನನ್ನ ಮಾತಿಷ್ಟು. ಹೊರಡುವಾಗ ಇಲ್ಲಿಯ ತಪಾಸಣೆಯ ಕಾಗದಗಳನ್ನು ಕೊಂಡೊಯ್ಯಿರಿ, ಮರಳುವಾಗ ತಾಯಿ ಕಾರ್ಡ್ ತರಲು ಮರೆಯಬೇಡಿ. ಆಸ್ಪತ್ರೆ ಬಿಡುವ ಮೊದಲು "ಡಾಕ್ಟ್ರೇ, ಕಣ್ಣು ನೋಡಿದ್ರಾ? ನೋಡಿದ್ದನ್ನ ಬರೀರಿ" ಎಂದು ಕೇಳಿ. ಜ್ವರ, ಗಂಧೆ ಏನಾದರೂ ಬಂದಿದ್ದರೆ ಯಾವ ತಿಂಗಳಲ್ಲಿ ಎಂದು ಹೇಳಿ ಬರೆಸಿ. ಕೇಳಿದರೆ ಸಿಡುಕುವ ವೈದ್ಯರೂ ಇರುತ್ತಾರೆ. ಸಿಡುಕಲಿ.

ಡೊಂಬಿವಿಲಿಯ ಆ ತಾಯಿ ಮತ್ತೊಮ್ಮೆ ಫೋನ್ ಮಾಡಿದ್ದರು. ತೊಟ್ಟಿಲಿಗೆ ಹಾಕಿದ ದಿನ ಸೋದರಮಾವ ಮೊಬೈಲಿನಲ್ಲಿ ತೆಗೆದ ಫೋಟೋ ಸಿಕ್ಕಿತಂತೆ. ಫ್ಲ್ಯಾಷಿನ ಬೆಳಕಿಗೆ ಮಗುವಿನ ಬಲಗಣ್ಣು ಕೆಂಪಗೆ, ಎಡಗಣ್ಣು ಬೆಳ್ಳಗೆ ಹೊಳೆದಿತ್ತು. ಹದಿಮೂರನೆಯ ದಿನ. ವೈದ್ಯರು ಆ ತಾರೀಖನ್ನು ಕಡತದಲ್ಲಿ ಬರೆದುಕೊಂಡರು. ಪೊರೆ ತೆಗೆದಾಗಿದೆ. ತಡವಾದದ್ದರಿಂದ ಎಡಗಣ್ಣಿಗೆ ಪೂರ್ತಿ ನೋಟ ಬರುವ ಭರವಸೆಯನ್ನು ಅವರು ಕೊಟ್ಟಿಲ್ಲ. ಈಗ ದಿನಕ್ಕೆ ಕೆಲವು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಎಡಗಣ್ಣಿಗೆ ನೋಡುವ ಅಭ್ಯಾಸ ಮಾಡಿಸುತ್ತಿದ್ದಾರೆ. ಮಗು ಪಟ್ಟಿ ಕಿತ್ತೆಸೆಯುತ್ತದೆ, ಅಜ್ಜಿ ಮತ್ತೆ ಅಂಟಿಸುತ್ತಾರೆ.