ಅಳಿದ ಕಂಪನಿಯ ಉಳಿದ ಎಂಜಿನ್ನುಗಳು

ಉಗಿಬಂಡಿಯ ಮೇಲೆ ನಮಗಿರುವ ಮೋಹ ಡೀಸೆಲ್ ಎಂಜಿನ್ನಿನ ಮೇಲಿಲ್ಲ. ಅಮೆರಿಕದ ರೈಲುಪ್ರಿಯರಾದರೋ ಅದಕ್ಕೂ ವಂಶಾವಳಿ ಬರೆದಿಟ್ಟಿದ್ದಾರೆ.

ಸ್ಕೆನೆಕ್ಟಡಿಯ ಆಲ್ಕೋ ಕಾರ್ಖಾನೆ 1946ರಿಂದ 1953ರವರೆಗೆ ನೀಳ ಮೂಗಿನ ‘ಪಿ.ಎ.’ ಎಂಜಿನ್ನುಗಳನ್ನು ನಿರ್ಮಿಸಿತು. ಬಹುಪಾಲು ಗುಜರಿ ಸೇರಿದವು. ಸಾಂಟಾ ಫೆ ರೈಲ್ವೆಯಲ್ಲಿ ದುಡಿದಿದ್ದ ನಾಲ್ಕನ್ನು 1967ರಲ್ಲಿ ಡೆಲಾವೇರ್ ಅಂಡ್ ಹಡ್ಸನ್ ಕಂಪನಿ ಕೊಂಡಿತು. 1978ರಲ್ಲಿ ಅವು ಮೆಕ್ಸಿಕೋ ಸೇರಿದವು. ಆಸಕ್ತರು ಅಲ್ಲಿಯೂ ಅವುಗಳ ಜಾಡು ಬಿಡಲಿಲ್ಲ. 2000ದಲ್ಲಿ ಎರಡು ತಾಯ್ನಾಡಿಗೆ ಮರಳಿದವು. ಅಷ್ಟರಲ್ಲಿ ಸಾಂಟಾ ಫೆ ಮತ್ತೊಂದು ರೈಲ್ವೆಯಲ್ಲಿ ಲೀನವಾಗಿತ್ತು. ಡೆಲಾವೇರ್ ಕಂಪನಿ 1991ರಲ್ಲಿಯೇ ಕೆನಡಿಯನ್ ಪೆಸಿಫಿಕ್‌ನ ಪಾಲಾಗಿತ್ತು.

ಮರಳಿದವುಗಳಲ್ಲಿ ಒಂದಕ್ಕೆ, ಅದು ಎಂದೂ ದುಡಿಯದ ನಿಕೆಲ್ ಪ್ಲೇಟ್ ರೈಲ್ವೆಯ ಬಣ್ಣವನ್ನೂ 190 ಎಂಬ ಅಂಕಿಯನ್ನೂ ಕೊಟ್ಟರು. ಆ ಕಂಪನಿಯ ಸ್ವಂತ ಪಿ.ಎ.ಗಳಲ್ಲಿ ಒಂದೂ ಉಳಿದಿರಲಿಲ್ಲ. ಇದು ಸುಳ್ಳಲ್ಲವೇ ಎನ್ನಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮಗೆ ಅದು ಸುಳ್ಳೆಂದು ತೋರಬೇಕಾಗಿಲ್ಲ. ಆದರೆ ಮೊಮ್ಮಗನೇ ಅಜ್ಜನೆಂದು ಯಾರೂ ನಂಬಬಾರದು. ಜಾಡು ಹಿಡಿದು ದಾಖಲೆ ಬರೆಯುವವರ ಉಪಕಾರ ಇರುವುದು ಇಲ್ಲಿಯೇ ಎಂದು ನಾನು ತಿಳಿಯುತ್ತೇನೆ.

ವಾರಾಣಸಿಯಲ್ಲಿ 1964ರಿಂದ ತಯಾರಾಗಿ ಕರ್ನಾಟಕದ ಹಳಿಗಳ ಮೇಲೂ ಓಡಿದ ಡೀಸೆಲ್ ಎಂಜಿನ್ನುಗಳು ಆಲ್ಕೋ ವಿನ್ಯಾಸದವೇ. ವಿದ್ಯುತ್ ತಂತಿ ಬಂದಂತೆ ಅವು ಮರೆಯಾಗುತ್ತಿವೆ. ಅವುಗಳ ನಂಬರು ಬರೆದಿಡುವ ಕೈಗಳು ನಮ್ಮಲ್ಲಿ ಇನ್ನಷ್ಟು ಬೇಕು.